ಹುತ್ತದ ಅಣಬೆಯಿಂದ ಚಿಪ್ಪಣಬೆಯವರೆಗೆ: ಕಾಡಿನ ಅಣಬೆಯ ಗುರುತು, ಸಂಗ್ರಹ ಮತ್ತು ಮನೆಯಂಗಳದ ಬೇಸಾಯ

ಮಾಣಿ–ಮೈಸೂರು ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಳ್ಯವನ್ನು ದಾಟಿ ಮಡಿಕೇರಿಯತ್ತ ಸಾಗುವವರಿಗೆ ಅರಂತೋಡಿನ ನಂತರ ಎದುರಾಗುವ ಪುಟ್ಟ ಪೇಟೆ ಕಲ್ಲುಗುಂಡಿ. ಸಂಪಾಜೆ ಗ್ರಾಮಕ್ಕೆ ಸೇರಿದ ಈ ಊರಿನ ಪಕ್ಕದಲ್ಲೇ ಪಯಸ್ವಿನಿ ನದಿ ಹರಿಯುತ್ತದೆ. ಸುತ್ತಲೂ ಅಡಿಕೆ ತೋಟ, ರಬ್ಬರ್ ತೋಪು, ಅದರಾಚೆಗೆ ಪಶ್ಚಿಮ ಘಟ್ಟದ ದಟ್ಟ ಕಾಡು. ಮುಂಗಾರು ಕಾಲಿಟ್ಟು ಎರಡು ಮೂರು ವಾರ ಕಳೆದು, ಗುಡುಗು ಸಹಿತ ಮಳೆಯ ನಡುವೆ ಒಂದೆರಡು ದಿನ ಎಳೆಬಿಸಿಲು ಬಿದ್ದರೆ ಸಾಕು, ಇಲ್ಲಿನ ಹಳ್ಳಿಗರು ಬೆಳ್ಳಂಬೆಳಗ್ಗೆ ಬುಟ್ಟಿ ಹಿಡಿದು ಗುಡ್ಡದತ್ತ ಹೊರಡುವುದುಂಟು. ಅವರು ಅರಸುವುದು ಅಣಬೆಯನ್ನು. ತುಳುವಿನಲ್ಲಿ ಅಲಂಬು, ಘಟ್ಟದ ಮೇಲಿನ ಕೊಡವ ಭಾಷೆಯಲ್ಲಿ ಕುಮ್ಮು, ಕೊಂಕಣಿಯಲ್ಲಿ ಅಳಂಬೆ ಎಂದು ಕರೆಸಿಕೊಳ್ಳುವ ಈ ಆಹಾರ ಆಟಿ ತಿಂಗಳ ಊಟದಲ್ಲಿ ಕಣಿಲೆ, ತಗತೆ ಸೊಪ್ಪು, ಪತ್ರೊಡೆಗಳ ಜತೆಗೆ ತನ್ನ ಸ್ಥಾನವನ್ನು ಇಂದಿಗೂ ಉಳಿಸಿಕೊಂಡಿದೆ.

ಕಾಡಿನಲ್ಲಿ ಸಿಗುವ ರುಚಿಯಾದ ಅಣಬೆಯನ್ನು ಮನೆಯಲ್ಲೇ ಬೆಳೆಯಬಹುದಲ್ಲವೇ ಎಂಬ ಪ್ರಶ್ನೆ ಅನೇಕರಲ್ಲಿದೆ. ನಗರದಲ್ಲಿ ನೆಲೆಸಿರುವ ಕರಾವಳಿ ಮತ್ತು ಮಲೆನಾಡಿನ ಮಂದಿಗೆ ಬಾಲ್ಯದ ರುಚಿಯನ್ನು ಮರಳಿ ಪಡೆಯುವ ಆಸೆಯಿದ್ದರೆ, ಹಳದಿ ಎಲೆ ರೋಗದಿಂದ ಅಡಿಕೆ ತೋಟ ಕಳೆದುಕೊಂಡ ಸಂಪಾಜೆ ಪರಿಸರದ ಕೃಷಿಕರಿಗೆ ಪರ್ಯಾಯ ಆದಾಯದ ಹುಡುಕಾಟವಿದೆ. ಈ ಪ್ರಶ್ನೆಗೆ ಉತ್ತರ ಒಂದೇ ಅಲ್ಲ. ಕೆಲವು ಅಣಬೆಗಳನ್ನು ಮನೆಯಲ್ಲಿ ಸುಲಭವಾಗಿ ಬೆಳೆಯಬಹುದು, ಕೆಲವನ್ನು ಇದುವರೆಗೆ ಯಾರಿಗೂ ಬೇಸಾಯಕ್ಕೆ ಒಗ್ಗಿಸಲಾಗಿಲ್ಲ. ಇನ್ನು ಕೆಲವನ್ನು ಮುಟ್ಟದಿರುವುದೇ ಕ್ಷೇಮ. ಈ ಮೂರರ ವ್ಯತ್ಯಾಸವನ್ನು ತಿಳಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಣಬೆ ಎಂದರೇನು?

ಅಣಬೆ ಸಸ್ಯವಲ್ಲ. ಅದಕ್ಕೆ ಪತ್ರಹರಿತ್ತಿಲ್ಲ, ಬಿಸಿಲಿನಿಂದ ಆಹಾರ ತಯಾರಿಸುವ ಶಕ್ತಿಯೂ ಇಲ್ಲ. ಅದು ಶಿಲೀಂಧ್ರ ವರ್ಗಕ್ಕೆ ಸೇರಿದ ಜೀವಿ. ನಾವು ಕಿತ್ತು ತರುವ ಕೊಡೆಯಾಕಾರದ ಭಾಗ ಆ ಜೀವಿಯ ಹಣ್ಣು ಮಾತ್ರ. ನಿಜವಾದ ದೇಹ ನೂಲಿನಂತಹ ಬಿಳಿ ಎಳೆಗಳ ಜಾಲವಾಗಿ ಮಣ್ಣಿನಲ್ಲೋ ಮರದಲ್ಲೋ ವರ್ಷವಿಡೀ ಹರಡಿರುತ್ತದೆ. ಇದನ್ನು ಕವಕಜಾಲ ಎನ್ನುತ್ತಾರೆ. ತೇವ ಮತ್ತು ಉಷ್ಣತೆ ಹದವಾದಾಗ ಈ ಜಾಲ ಹಣ್ಣನ್ನು ಹೊರಹಾಕುತ್ತದೆ. ಗುಡುಗಿದರೆ ಅಣಬೆ ಏಳುತ್ತದೆ ಎಂಬ ನಂಬಿಕೆಯ ಹಿಂದಿರುವುದು ಗುಡುಗಿನ ಜತೆ ಬರುವ ಮಳೆ ಮತ್ತು ತಂಪು.

ಆಹಾರ ಪಡೆಯುವ ರೀತಿಯಲ್ಲಿ ಅಣಬೆಗಳನ್ನು ಸ್ಥೂಲವಾಗಿ ವಿಂಗಡಿಸಬಹುದು. ಸತ್ತ ಮರ, ಹುಲ್ಲು, ತರಗೆಲೆಗಳನ್ನು ಕೊಳೆಸಿ ಬದುಕುವವು ಒಂದು ಬಗೆ. ಜೀವಂತ ಮರದ ಬೇರಿನೊಡನೆ ಕೊಡುಕೊಳ್ಳುವ ಸಂಬಂಧ ಬೆಳೆಸಿಕೊಂಡವು ಇನ್ನೊಂದು ಬಗೆ. ಗೆದ್ದಲು ಹುಳುಗಳ ಸಂಗದಲ್ಲಿ ಬದುಕುವವು ಮೂರನೆಯ ಬಗೆ. ಮನೆಯಲ್ಲಿ ಬೆಳೆಯಲು ಸಾಧ್ಯವೇ ಇಲ್ಲವೇ ಎಂಬುದು ಈ ವಿಂಗಡಣೆಯನ್ನೇ ಅವಲಂಬಿಸಿದೆ.

ಹುತ್ತದ ಅಣಬೆ: ಗೆದ್ದಲಿನ ತೋಟಗಾರಿಕೆ

ಕರಾವಳಿ ಮತ್ತು ಮಲೆನಾಡಿನಲ್ಲಿ ಅತ್ಯಂತ ಬೇಡಿಕೆಯಿರುವುದು ಹುತ್ತದ ಅಣಬೆಗೆ. ಶಾಸ್ತ್ರೀಯವಾಗಿ ಇದು ಟರ್ಮಿಟೊಮೈಸಿಸ್ ಕುಲಕ್ಕೆ ಸೇರಿದುದು. ಫ್ರಾನ್ಸಿನ ಶಿಲೀಂಧ್ರ ವಿಜ್ಞಾನಿ ರೋಜರ್ ಹೈಮ್ 1942ರಲ್ಲಿ ಈ ಕುಲಕ್ಕೆ ಹೆಸರಿಟ್ಟರು. ದಕ್ಷಿಣ ಭಾರತದಲ್ಲಿ ದೊರೆತ ಒಂದು ಪ್ರಭೇದವನ್ನು 1979ರಲ್ಲಿ ಕೆ. ನಟರಾಜನ್ ವಿವರಿಸಿ, ಹೈಮ್ ಅವರ ಹೆಸರಿನಲ್ಲೇ ಟರ್ಮಿಟೊಮೈಸಿಸ್ ಹೈಮಿಯೈ ಎಂದು ಕರೆದರು. ಮಂಗಳೂರು ವಿಶ್ವವಿದ್ಯಾನಿಲಯದ ಎನ್.ಸಿ. ಕರುಣ್ ಮತ್ತು ಕೆ.ಆರ್. ಶ್ರೀಧರ್ ಅವರು ಪಶ್ಚಿಮ ಘಟ್ಟ ಹಾಗೂ ಪಶ್ಚಿಮ ಕರಾವಳಿಯಲ್ಲಿ ಈ ಕುಲದ ಹರಡುವಿಕೆಯ ಕುರಿತು 2013ರಲ್ಲಿ ಅಧ್ಯಯನ ಪ್ರಕಟಿಸಿದ್ದಾರೆ. ಘಟ್ಟದ ತಿನ್ನಬಹುದಾದ ಕಾಡಣಬೆಗಳ ಬಗ್ಗೆ ಸ್ಥಳೀಯ ಜನರಿಗಿರುವ ಜ್ಞಾನವನ್ನು ಅವರು 2017ರಲ್ಲಿ ದಾಖಲಿಸಿದ್ದಾರೆ.

ಗೆದ್ದಲು ಮತ್ತು ಈ ಅಣಬೆಯ ಸಂಬಂಧ ಸುಮಾರು 3 ಕೋಟಿ ವರ್ಷಗಳಷ್ಟು ಹಳೆಯದು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಕೆಲಸಗಾರ ಗೆದ್ದಲುಗಳು ಒಣಗಿದ ಎಲೆ, ಕಡ್ಡಿ, ಮರದ ಚೂರುಗಳನ್ನು ತಿಂದು, ಅರೆ ಜೀರ್ಣವಾದ ಹಿಕ್ಕೆಯಿಂದ ನೆಲದೊಳಗೆ ಸ್ಪಂಜಿನಂತಹ ಗೂಡುಗಳನ್ನು ಕಟ್ಟುತ್ತವೆ. ಅದರ ಮೇಲೆ ಅಣಬೆಯ ಕವಕಜಾಲ ಬೆಳೆದು, ಗೆದ್ದಲಿಗೆ ಜೀರ್ಣಿಸಲು ಕಷ್ಟವಾದ ಮರದ ಅಂಶವನ್ನು ಒಡೆಯುತ್ತದೆ. ಜಾಲದ ಮೇಲೆ ಮೂಡುವ ಬಿಳಿ ಮುತ್ತಿನಂತಹ ಗಂಟುಗಳು ಗೆದ್ದಲಿನ ಆಹಾರ. ಪ್ರತಿಯಾಗಿ ಗೆದ್ದಲು ಅಣಬೆಗೆ ಹದವಾದ ಉಷ್ಣತೆ, ತೇವ ಮತ್ತು ಶುಚಿತ್ವವನ್ನು ಒದಗಿಸುತ್ತದೆ, ಬೇರೆ ಬೂಷ್ಟುಗಳು ಬಾರದಂತೆ ನೋಡಿಕೊಳ್ಳುತ್ತದೆ.

ಮಳೆಗಾಲದಲ್ಲಿ ನೆಲದಾಳದ ಈ ಗೂಡಿನಿಂದ ಅಣಬೆಯ ಕಾಂಡ ಮೇಲಕ್ಕೆ ಬೆಳೆದು ಬರುತ್ತದೆ. ಆದ್ದರಿಂದಲೇ ಹುತ್ತದ ಅಣಬೆಯನ್ನು ನಿಧಾನವಾಗಿ ಎಳೆದರೆ ಬುಡದಲ್ಲಿ ಉದ್ದನೆಯ ಬೇರಿನಂತಹ ಭಾಗ ಕಾಣಸಿಗುತ್ತದೆ. ಟೊಪ್ಪಿಗೆಯ ನಡುವೆ ಚೂಪಾದ ಅಥವಾ ಗಟ್ಟಿಯಾದ ಮೊಗ್ಗೆ, ಅಡಿಯಲ್ಲಿ ಬಿಳಿಯಿಂದ ನಸುಗೆಂಪಿಗೆ ತಿರುಗುವ ಪದರಗಳು, ನಾರಿನಂತಹ ಗಟ್ಟಿ ಕಾಂಡ ಇದರ ಲಕ್ಷಣಗಳು. ಇದೇ ಕುಲದ ಸಣ್ಣ ಪ್ರಭೇದ ಟರ್ಮಿಟೊಮೈಸಿಸ್ ಮೈಕ್ರೋಕಾರ್ಪಸ್. ಹಳ್ಳಿಗರು ನುಚ್ಚಣಬೆ, ಅಕ್ಕಿ ಅಣಬೆ ಎನ್ನುವುದು ಇದನ್ನೇ. ಗೆದ್ದಲುಗಳು ಹೊರತಂದು ಹಾಕಿದ ಹಳೆಯ ಗೂಡಿನ ಚೂರುಗಳ ಮೇಲೆ ಇದು ನೂರಾರು ಸಂಖ್ಯೆಯಲ್ಲಿ, ನೆಲದ ಮೇಲೆ ಅಕ್ಕಿ ಚೆಲ್ಲಿದಂತೆ ಮೂಡುತ್ತದೆ. ಇದಕ್ಕೆ ಉದ್ದನೆಯ ಬೇರು ಇರುವುದಿಲ್ಲ.

ಇದನ್ನು ಮನೆಯಲ್ಲಿ ಬೆಳೆಯಬಹುದೇ? ಇಲ್ಲ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಇದರ ಕವಕಜಾಲವನ್ನು ನಿಧಾನವಾಗಿ ಬೆಳೆಸಬಹುದಾದರೂ ಗೆದ್ದಲಿನ ನೆರವಿಲ್ಲದೆ ಅಣಬೆಯನ್ನು ವಾಣಿಜ್ಯ ಪ್ರಮಾಣದಲ್ಲಿ ಪಡೆಯಲು ಸಾಧ್ಯವಾಗಿಲ್ಲ. ಹುತ್ತದ ಅಣಬೆಯ ಬೀಜ ಎಂದು ಯಾರಾದರೂ ಮಾರಲು ಬಂದರೆ ನಂಬತಕ್ಕದ್ದಲ್ಲ. ಇದನ್ನು ಬೆಳೆಸುವ ಏಕೈಕ ದಾರಿ ಎಂದರೆ ತೋಟದ ಅಂಚಿನ, ಗುಡ್ಡದ ಹುತ್ತಗಳನ್ನು ಹಾಗೆಯೇ ಬಿಡುವುದು.

ಕಲ್ಲಣಬೆ: ಮರದ ಬೇರಿನ ಸಂಗಾತಿ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಪೇಟೆಗಳಲ್ಲಿ ಮಳೆಗಾಲದ ಆರಂಭದಲ್ಲಿ ಗೋಲಿಯಾಕಾರದ ಅಣಬೆಯೊಂದು ಮಾರಾಟಕ್ಕೆ ಬರುತ್ತದೆ. ಕಲ್ಲಣಬೆ, ತುಳುವಿನಲ್ಲಿ ಕಲ್ಲಲಂಬು ಎಂದು ಇದಕ್ಕೆ ಹೆಸರು. ಸೇರಿನ ಅಳತೆಯಲ್ಲಿ ಮಾರುವ ಇದರ ಬೆಲೆ ಮಾಂಸದ ಬೆಲೆಯನ್ನು ಮೀರುವುದೂ ಉಂಟು. ಇದು ಆಸ್ಟ್ರಿಯಸ್ ಕುಲದ ಅಣಬೆ. ಮುರ ಮಣ್ಣಿನ ಗುಡ್ಡಗಳಲ್ಲಿ ನೆಲದ ಮೇಲ್ಪದರದಲ್ಲೇ ಹುದುಗಿರುತ್ತದೆ. ಎಳೆಯದಾಗಿದ್ದಾಗ ಒಳಗೆ ಅಚ್ಚ ಬಿಳುಪು. ಬಲಿತಂತೆ ಒಳಭಾಗ ಕಂದು ಪುಡಿಯಾಗಿ, ಹೊರಸಿಪ್ಪೆ ನಕ್ಷತ್ರದಂತೆ ಬಿರಿಯುತ್ತದೆ. ಆಗ ತಿನ್ನಲು ಬಾರದು.

ಕಲ್ಲಣಬೆ ಧೂಪ, ಬೋಗಿ ಮುಂತಾದ ಮರಗಳ ಬೇರಿನೊಡನೆ ಬೆಸೆದುಕೊಂಡು ಬದುಕುತ್ತದೆ. ಮರ ಸಕ್ಕರೆ ಕೊಡುತ್ತದೆ, ಅಣಬೆ ಮಣ್ಣಿನಿಂದ ನೀರು ಮತ್ತು ಖನಿಜವನ್ನು ಹೀರಿ ಮರಕ್ಕೆ ಒದಗಿಸುತ್ತದೆ. ಮರವಿಲ್ಲದ ಕಡೆ ಈ ಅಣಬೆಯೂ ಇಲ್ಲ. ಚೀಲದಲ್ಲೋ ಪೆಟ್ಟಿಗೆಯಲ್ಲೋ ಇದನ್ನು ಬೆಳೆಯುವ ವಿಧಾನ ಇಲ್ಲ. ಗುಡ್ಡ ಸಮತಟ್ಟು ಮಾಡಿ ಮರ ಕಡಿದ ಮೇಲೆ ಕಲ್ಲಣಬೆ ಮಾಯವಾಯಿತೆಂದು ಹಿರಿಯರು ಹೇಳುವುದಕ್ಕೆ ಕಾರಣ ಇದೇ.

ಚಿಪ್ಪಣಬೆ: ಕಾಡಿನಿಂದ ಮನೆಗೆ ಬಂದದ್ದು

ಬಿದ್ದ ಮರದ ಕೊರಡಿನ ಮೇಲೆ, ಒಣಗಿದ ಬೊಡ್ಡೆಯ ಪಕ್ಕದಲ್ಲಿ ಕಪ್ಪೆಚಿಪ್ಪಿನಾಕಾರದ ಬಿಳಿ, ಬೂದು ಅಥವಾ ನಸುಗೆಂಪು ಅಣಬೆಗಳು ಒಂದರ ಮೇಲೊಂದು ಹಂತ ಹಂತವಾಗಿ ಮೂಡಿರುವುದನ್ನು ಕಾಣಬಹುದು. ಇವು ಪ್ಲ್ಯೂರೋಟಸ್ ಕುಲದ ಚಿಪ್ಪಣಬೆಗಳು. ಸತ್ತ ಮರ ಮತ್ತು ಹುಲ್ಲನ್ನು ಕೊಳೆಸಿ ಬದುಕುವುದರಿಂದ ಇವಕ್ಕೆ ಗೆದ್ದಲೂ ಬೇಡ, ಜೀವಂತ ಬೇರೂ ಬೇಡ. ಕಾಡಿನ ಅಣಬೆಯೊಂದನ್ನು ಮನೆಯಲ್ಲಿ ಬೆಳೆಯಬೇಕೆನ್ನುವವರಿಗೆ ಇದೇ ಸರಿಯಾದ ಆಯ್ಕೆ.

ಇದರ ಬೇಸಾಯದ ಇತಿಹಾಸದಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. ಜರ್ಮನಿಯಲ್ಲಿ 1917ರಲ್ಲಿ ಫಾಲ್ಕ್ ಎಂಬ ವಿಜ್ಞಾನಿ ಮರದ ದಿಮ್ಮಿಗಳ ಮೇಲೆ ಚಿಪ್ಪಣಬೆಯನ್ನು ಬೆಳೆಸಿದ್ದರು. ಭಾರತದಲ್ಲಿ ಭತ್ತದ ಹುಲ್ಲಿನ ಮೇಲೆ ಇದನ್ನು ಬೆಳೆಯುವ ವಿಧಾನವನ್ನು ರೂಪಿಸಿ 1962ರಲ್ಲಿ ಪ್ರಕಟಿಸಿದವರು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಜಾಕಿಯಾ ಬಾನು ಮತ್ತು ಎಚ್.ಸಿ. ಶ್ರೀವಾಸ್ತವ. ಇಂದು ದೇಶದ ಹಳ್ಳಿ ಹಳ್ಳಿಯಲ್ಲಿ ನಡೆಯುವ ಹುಲ್ಲಿನ ಮೇಲಿನ ಅಣಬೆ ಬೇಸಾಯಕ್ಕೆ ಆ ಕೆಲಸ ದಾರಿ ತೆರೆಯಿತು. ಬೆಂಗಳೂರು ಹೊರವಲಯದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಪ್ರಯೋಗಾಲಯವಿದ್ದು, ತರಬೇತಿ ಮತ್ತು ಬೀಜ ಪೂರೈಕೆಯ ಕಾರ್ಯ ನಡೆಸುತ್ತಾ ಬಂದಿದೆ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನ ತೋಟದ ತ್ಯಾಜ್ಯದಲ್ಲಿ ಚಿಪ್ಪಣಬೆ ಬೆಳೆಯುವ ವಿಧಾನಗಳನ್ನು ರೂಪಿಸಿದೆ.

ಕಾಡಿನಿಂದ ಬೇಸಾಯಕ್ಕೆ ಬಂದ ಮತ್ತೊಂದು ಭಾರತೀಯ ಅಣಬೆ ಹಾಲಣಬೆ. ಪಶ್ಚಿಮ ಬಂಗಾಳದ ಕಾಡಣಬೆಯಾಗಿದ್ದ ಇದನ್ನು 1974ರಲ್ಲಿ ಪುರಕಾಯಸ್ಥ ಮತ್ತು ಚಂದ್ರ ಅವರು ವಿವರಿಸಿದರು. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯ 1998ರಲ್ಲಿ ಎಪಿಕೆ–2 ಎಂಬ ತಳಿಯನ್ನು ಬಿಡುಗಡೆ ಮಾಡಿದ ಬಳಿಕ ಅದು ಜನಪ್ರಿಯವಾಯಿತು. 30 ಡಿಗ್ರಿ ಮೀರಿದ ಸೆಕೆಯಲ್ಲೂ ಬೆಳೆಯುವುದರಿಂದ ಕರಾವಳಿಯ ಬೇಸಗೆಗೆ ಇದು ಹೊಂದುತ್ತದೆ. ಪೇಟೆಯಲ್ಲಿ ಸಿಗುವ ಬಿಳಿ ಗುಂಡಿ ಅಣಬೆಗೆ 14ರಿಂದ 18 ಡಿಗ್ರಿ ತಂಪು ಬೇಕಾಗುವುದರಿಂದ ಮನೆಯಲ್ಲಿ ಅದರ ಪ್ರಯತ್ನ ಬೇಡ.

ಸಂಗ್ರಹಕ್ಕೆ ಮುನ್ನ: ವಿಷದ ಅಣಬೆಯ ಅರಿವು

ಕಾಡಣಬೆಯ ಸಂಗ್ರಹದಲ್ಲಿ ಒಂದು ತಪ್ಪು ಜೀವವನ್ನೇ ಬಲಿ ತೆಗೆದುಕೊಳ್ಳಬಹುದು. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನ ಚಹಾ ತೋಟಗಳ ಪ್ರದೇಶದಲ್ಲಿ ಕಾಡಣಬೆ ತಿಂದು ಕೆಲವೇ ದಿನಗಳಲ್ಲಿ 13 ಮಂದಿ ಮೃತಪಟ್ಟರು. ಆದ್ದರಿಂದ ಜನಜನಿತವಾದ ಕೆಲವು ಪರೀಕ್ಷೆಗಳು ಸುಳ್ಳು ಎಂಬುದನ್ನು ಮೊದಲಿಗೇ ಹೇಳಬೇಕಾಗಿದೆ.

ಬೇಯಿಸುವಾಗ ಬೆಳ್ಳಿ ಚಮಚ ಅಥವಾ ಬೆಳ್ಳುಳ್ಳಿ ಕಪ್ಪಾದರೆ ವಿಷ ಎಂಬುದು ಸುಳ್ಳು. ಹುಳು, ಬಸವನಹುಳು, ದನ ತಿಂದ ಅಣಬೆ ಮನುಷ್ಯನಿಗೂ ಕ್ಷೇಮ ಎಂಬುದು ಸುಳ್ಳು. ಬಿಳಿಯದೆಲ್ಲ ಒಳ್ಳೆಯದು, ಬಣ್ಣದ್ದೆಲ್ಲ ಕೆಟ್ಟದ್ದು ಎಂಬುದೂ ಸುಳ್ಳು. ಅರಸಿನ, ಹುಣಸೆ ಹಾಕಿ ಚೆನ್ನಾಗಿ ಕುದಿಸಿದರೆ ವಿಷ ಇಳಿಯುತ್ತದೆ ಎಂಬ ನಂಬಿಕೆಯಂತೂ ಅತ್ಯಂತ ಅಪಾಯಕಾರಿ. ಅಮಾನಿಟಾ ಕುಲದ ಕೆಲವು ಅಣಬೆಗಳಲ್ಲೂ, ಲೆಪಿಯೋಟಾ ಕುಲದ ಕೆಲವು ಸಣ್ಣ ಅಣಬೆಗಳಲ್ಲೂ ಇರುವ ಅಮಾಟಾಕ್ಸಿನ್ ಎಂಬ ವಿಷ ಬೇಯಿಸಿದರೂ ಒಣಗಿಸಿದರೂ ನಾಶವಾಗದು.

ಈ ವಿಷದ ನಡೆ ಮೋಸದ್ದು. ತಿಂದ 6ರಿಂದ 24 ಗಂಟೆಗಳವರೆಗೆ ಏನೂ ತೋರದು. ನಂತರ ವಾಂತಿ, ಭೇದಿ, ಹೊಟ್ಟೆನೋವು. ಅದು ಶಮನವಾಗಿ ರೋಗಿ ಚೇತರಿಸಿಕೊಂಡಂತೆ ಕಾಣುವ ವೇಳೆಗೆ ಯಕೃತ್ತು ಹಾಳಾಗುತ್ತಿರುತ್ತದೆ. ಆದ್ದರಿಂದ ಅಣಬೆ ತಿಂದ ಮರುದಿನ ವಾಂತಿಭೇದಿ ಆರಂಭವಾದರೆ ಅದನ್ನು ಸಾಮಾನ್ಯ ಅಜೀರ್ಣವೆಂದು ತಿಳಿಯದೆ, ಯಕೃತ್ತಿನ ಚಿಕಿತ್ಸೆಯ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ತಕ್ಷಣ ಹೋಗಬೇಕು. ಉಳಿದ ಅಣಬೆ, ಸಿಪ್ಪೆ ಅಥವಾ ಪದಾರ್ಥದ ಸ್ವಲ್ಪ ಭಾಗವನ್ನು ಕಾಗದದಲ್ಲಿ ಸುತ್ತಿ ಜತೆಗೆ ಒಯ್ಯಬೇಕು. ತಿಂದವರೆಲ್ಲರೂ, ಲಕ್ಷಣ ಕಾಣಿಸದವರೂ ಸಹ, ಪರೀಕ್ಷೆ ಮಾಡಿಸಿಕೊಳ್ಳಬೇಕು.

ಹೆಚ್ಚಾಗಿ ತಪ್ಪುವುದು ಈ ಕೆಳಗಿನ ಸಂದರ್ಭಗಳಲ್ಲಿ.

ಮೊದಲನೆಯದು, ಹುತ್ತದ ಅಣಬೆ ಎಂದು ಭ್ರಮಿಸಿ ಕ್ಲೋರೊಫಿಲಮ್ ಎಂಬ ದೊಡ್ಡ ಕೊಡೆಯ ಅಣಬೆಯನ್ನು ತರುವುದು. ಹುಲ್ಲುಹಾಸು, ಗೊಬ್ಬರ ಬಿದ್ದ ಅಂಗಳ, ಆಟದ ಮೈದಾನಗಳಲ್ಲಿ ಏಳುವ ಇದರ ಟೊಪ್ಪಿಗೆಯ ಮೇಲೆ ಕಂದು ಹೊಪ್ಪಳೆಗಳೂ ಕಾಂಡದಲ್ಲಿ ಜಾರುವ ಉಂಗುರವೂ ಇರುತ್ತವೆ. ಬಲಿತಾಗ ಪದರಗಳು ಹಸಿರು ಛಾಯೆಗೆ ತಿರುಗುತ್ತವೆ. ನೆಲದಾಳಕ್ಕೆ ಇಳಿಯುವ ಬೇರು ಇರುವುದಿಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ತೀವ್ರ ವಾಂತಿಭೇದಿ ಉಂಟಾಗುತ್ತದೆ.

ಎರಡನೆಯದು, ಎಳೆಯ ಅಮಾನಿಟಾ. ಇದು ನೆಲದಿಂದ ಮೊಟ್ಟೆಯಂತೆ ಹೊರಬರುತ್ತದೆ. ಬಲಿತ ಮೇಲೂ ಕಾಂಡದ ಬುಡದಲ್ಲಿ ಬಟ್ಟಲಿನಂತಹ ಚೀಲ ಉಳಿದಿರುತ್ತದೆ. ಕಾಂಡವನ್ನು ಮೇಲಿನಿಂದ ಕತ್ತರಿಸಿ ತರುವವರಿಗೆ ಈ ಚೀಲ ಕಾಣುವುದಿಲ್ಲ. ಆದ್ದರಿಂದ ಗುರುತಿಗಾಗಿ ಕನಿಷ್ಠ ಒಂದನ್ನಾದರೂ ಬುಡಸಮೇತ ಎತ್ತಿ ನೋಡಬೇಕು. ಬುಡದಲ್ಲಿ ಬಟ್ಟಲು ಇದ್ದರೆ ಬಿಟ್ಟುಬಿಡಬೇಕು. ಇದೇ ಕುಲದಲ್ಲಿ ತಿನ್ನಬಹುದಾದ ಪ್ರಭೇದಗಳಿದ್ದು ಕೆಲವೆಡೆ ಬಳಕೆಯಲ್ಲಿದ್ದರೂ ಹೊಸಬರಿಗೆ ಅದು ಸಲ್ಲದು.

ಮೂರನೆಯದು, ಕಲ್ಲಣಬೆಯನ್ನು ಹೋಲುವ ಸ್ಕ್ಲೆರೊಡರ್ಮಾ. ಉದ್ದಕ್ಕೆ ಸೀಳಿದಾಗ ಒಳಗೆ ಬಿಳುಪಿನ ಬದಲು ನೇರಳೆಗಪ್ಪು ಬಣ್ಣ ಕಂಡರೆ ಎಸೆಯಬೇಕು. ಸೀಳಿದಾಗ ಒಳಗೆ ಕೊಡೆ ಮತ್ತು ಕಾಂಡದ ಆಕಾರದ ಗೆರೆ ಕಂಡರೆ ಅದು ಅಮಾನಿಟಾದ ಮೊಟ್ಟೆಯಾಗಿರಬಹುದು.

ಮನೆಯಲ್ಲೇ ಮಾಡಬಹುದಾದ ಒಂದು ಉಪಯುಕ್ತ ಪರೀಕ್ಷೆ ಬೀಜಕದ ಅಚ್ಚು. ಟೊಪ್ಪಿಗೆಯನ್ನು ಕತ್ತರಿಸಿ, ಪದರಗಳು ಕೆಳಗೆ ಬರುವಂತೆ ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲಿಟ್ಟು, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ಪುಡಿಯ ಅಚ್ಚು ಮೂಡಿರುತ್ತದೆ. ಹುತ್ತದ ಅಣಬೆಯದು ನಸುಗೆಂಪು, ಅಮಾನಿಟಾದ್ದು ಬಿಳಿ, ಕ್ಲೋರೊಫಿಲಮ್‌ನದು ಹಸಿರು. ಈ ಪರೀಕ್ಷೆ ತಪ್ಪನ್ನು ಹಿಡಿಯಲು ನೆರವಾಗುತ್ತದೆಯೇ ಹೊರತು ಅಣಬೆ ತಿನ್ನಬಹುದೆಂದು ಸಾಬೀತು ಮಾಡುವುದಿಲ್ಲ. ಚಿತ್ರ ನೋಡಿ, ಮೊಬೈಲ್ ಆಪ್ ನಂಬಿ ತಿನ್ನುವುದು ಸರಿಯಲ್ಲ. ಅದೇ ಊರಿನಲ್ಲಿ ವರ್ಷಗಳಿಂದ ಅದೇ ಅಣಬೆಯನ್ನು ತಿಂದು ಬಲ್ಲವರ ಜತೆ ಹೋಗಿ ಕಲಿಯುವುದೊಂದೇ ಮಾರ್ಗ. ಸಂಶಯವಿದ್ದರೆ ಬಿಡುವುದೇ ಮೇಲು.

ಎಲ್ಲಿ, ಹೇಗೆ ಕೀಳಬೇಕು?

ಸ್ವಂತ ಜಾಗದಲ್ಲಿ ಅಥವಾ ಮಾಲೀಕರ ಒಪ್ಪಿಗೆಯಿರುವ ಜಾಗದಲ್ಲಿ ಮಾತ್ರ ಸಂಗ್ರಹಿಸತಕ್ಕದ್ದು. ಮೀಸಲು ಅರಣ್ಯದಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಉತ್ಪನ್ನ ಸಂಗ್ರಹಿಸುವಂತಿಲ್ಲ. ಅಭಯಾರಣ್ಯಗಳ ನಿಯಮ ಇನ್ನೂ ಕಠಿಣ. ಅರಣ್ಯವಾಸಿ ಸಮುದಾಯಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಕಿರು ಅರಣ್ಯ ಉತ್ಪನ್ನಗಳ ಮೇಲೆ ಪ್ರತ್ಯೇಕ ಹಕ್ಕುಗಳಿವೆ.

ಹೆದ್ದಾರಿಯ ಬದಿಯಲ್ಲಿ, ಕಸದ ರಾಶಿಯಲ್ಲಿ, ಕಳೆನಾಶಕ ಹೊಡೆದ ಜಾಗದಲ್ಲಿ ಎದ್ದ ಅಣಬೆ ಬೇಡ. ಅಣಬೆ ಮಣ್ಣಿನ ಲೋಹಾಂಶವನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿದ ಅಡಿಕೆ ತೋಟದ ನೆಲದಲ್ಲಿ ತಾಮ್ರ ಬಿದ್ದಿರುವುದರಿಂದ ಅಲ್ಲಿಂದಲೂ ಸಂಗ್ರಹಿಸದಿರುವುದು ಒಳ್ಳೆಯದು. ಬಿದಿರಿನ ಬುಟ್ಟಿ ಅಥವಾ ಬಾಳೆಲೆಯಲ್ಲಿ ತರಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಬೇಗ ಕೆಡುತ್ತದೆ. ಕಿತ್ತ ದಿನವೇ ಬೇಯಿಸಬೇಕು. ಮೊದಲ ಬಾರಿ ತಿನ್ನುವವರು ಸ್ವಲ್ಪವೇ ತಿನ್ನಬೇಕು.

ಸ್ವಿಟ್ಜರ್‌ಲೆಂಡಿನಲ್ಲಿ 29 ವರ್ಷ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಣಬೆ ಕೀಳುವುದರಿಂದ ಮುಂದಿನ ವರ್ಷಗಳ ಇಳುವರಿ ಕುಗ್ಗಲಿಲ್ಲವೆಂದೂ, ನೆಲವನ್ನು ತುಳಿಯುವುದರಿಂದ ಅಣಬೆಯ ಸಂಖ್ಯೆ ಕಡಿಮೆಯಾಯಿತೆಂದೂ ಕಂಡುಕೊಂಡಿತು. ಅದು ಅಲ್ಲಿನ ಕಾಡಿನ ಮಾತು. ಹುತ್ತದ ಅಣಬೆಯ ವಿಷಯದಲ್ಲಿ ಗಮನಿಸಬೇಕಾದುದು ಹುತ್ತದ ಉಳಿವು. ಗುದ್ದಲಿಯಿಂದ ಅಗೆದು ಗೂಡನ್ನೇ ಎತ್ತಿದರೆ ಮರುವರ್ಷದ ಆಸೆ ಬಿಡಬೇಕಾಗುತ್ತದೆ. ಗೋವಾ ವಿಶ್ವವಿದ್ಯಾನಿಲಯದ ನಂದಕುಮಾರ್ ಕಾಮತ್ ಅವರು ಅಲ್ಲಿನ ಹುತ್ತದ ಅಣಬೆಗಳ ಉಳಿವಿಗಾಗಿ ದೀರ್ಘಕಾಲದಿಂದ ಜನರನ್ನು ಎಚ್ಚರಿಸುತ್ತಾ ಬಂದಿದ್ದಾರೆ. ಎಲ್ಲವನ್ನೂ ಕೀಳದೆ ಬಲಿತ ಕೆಲವನ್ನು ಬಿಟ್ಟು ಬರುವ ಹಿರಿಯರ ಪದ್ಧತಿ ಈ ದೃಷ್ಟಿಯಿಂದ ಅರ್ಥಪೂರ್ಣ.

ಮನೆಯಲ್ಲಿ ಚಿಪ್ಪಣಬೆ ಬೆಳೆಯುವ ಕ್ರಮ

ಬೇಕಾಗುವ ಸಾಮಗ್ರಿ ಕಡಿಮೆ. ಒಣ ಭತ್ತದ ಹುಲ್ಲು, 12x18 ಇಂಚಿನ ಪಾಲಿಪ್ರೊಪಿಲೀನ್ ಚೀಲಗಳು, ಅಣಬೆ ಬೀಜ, ದೊಡ್ಡ ಹಂಡೆ, ರಬ್ಬರ್ ಬ್ಯಾಂಡ್, ನೀರು ಚಿಮುಕಿಸುವ ಕೈಪಂಪು. ಗದ್ದೆಗಳು ತೋಟವಾಗಿರುವ ಸುಳ್ಯ ಪರಿಸರದಲ್ಲಿ ಹುಲ್ಲು ದುಬಾರಿ. ಅಲ್ಲಿ ಚೂರು ಮಾಡಿದ ಅಡಿಕೆ ಹಾಳೆಯನ್ನೂ ಬಳಸಬಹುದು. ಹುಲ್ಲು ಹೊಸದಾಗಿರಬೇಕು, ಮಳೆಗೆ ನೆನೆದು ಬೂಷ್ಟು ಹಿಡಿದಿರಬಾರದು.

ಬೀಜ ಎಂದರೆ ಬೇಯಿಸಿದ ಜೋಳ ಅಥವಾ ಗೋಧಿ ಕಾಳಿನ ಮೇಲೆ ಬೆಳೆಸಿದ ಶುದ್ಧ ಕವಕಜಾಲ. ಸಂಶೋಧನಾ ಸಂಸ್ಥೆ, ಕೃಷಿ ವಿಶ್ವವಿದ್ಯಾನಿಲಯ ಅಥವಾ ನಂಬಿಕೆಯ ಪ್ರಯೋಗಾಲಯದಿಂದ ಕೊಳ್ಳಬೇಕು. ಕಾಳುಗಳು ಅಚ್ಚ ಬಿಳಿ ಹೊದಿಕೆಯಿಂದ ಕೂಡಿರಬೇಕು. ಹಸಿರು, ಕಪ್ಪು ಚುಕ್ಕೆ ಅಥವಾ ಹುಳಿ ವಾಸನೆ ಇದ್ದರೆ ತಿರಸ್ಕರಿಸಬೇಕು.

1. ಹುಲ್ಲನ್ನು 3ರಿಂದ 5 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ ರಾತ್ರಿಯಿಡೀ ಶುದ್ಧ ನೀರಿನಲ್ಲಿ ನೆನೆಸಬೇಕು.

2. ನೀರು ಬಸಿದು, ಸುಮಾರು 80 ಡಿಗ್ರಿ ಬಿಸಿನೀರಿನಲ್ಲಿ 1 ಗಂಟೆ ಮುಳುಗಿಸಿಡಬೇಕು. ಇದರಿಂದ ಬೇರೆ ಬೂಷ್ಟಿನ ಕಣಗಳು ಬಹುಪಾಲು ಸಾಯುತ್ತವೆ. ಫಾರ್ಮಲಿನ್ ಮತ್ತು ಶಿಲೀಂಧ್ರನಾಶಕ ಬಳಸುವ ವಿಧಾನವೂ ಉಂಟು. ಮನೆಬಳಕೆಗೆ ಅದರ ಅಗತ್ಯವಿಲ್ಲ.

3. ಹುಲ್ಲನ್ನು ಶುಚಿಯಾದ ಜಾಗದಲ್ಲಿ ನೆರಳಿನಲ್ಲಿ ಹರಡಿ ಆರಿಸಬೇಕು. ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಂಗೈ ಮಾತ್ರ ತೇವವಾಗಬೇಕು. ಆಗ ಹುಲ್ಲಿನಲ್ಲಿ ಸುಮಾರು 65 ಶೇಕಡ ನೀರಿರುತ್ತದೆ. ಹೊಸಬರ ಚೀಲ ಕೊಳೆಯುವುದಕ್ಕೆ ಮುಖ್ಯ ಕಾರಣ ಈ ಹಂತದ ಅವಸರ.

4. ಕೈಗಳನ್ನು ಸಾಬೂನಿನಿಂದ ತೊಳೆದು, ಚೀಲದಲ್ಲಿ ಎರಡು ಮೂರು ಇಂಚು ಹುಲ್ಲು, ಅದರ ಅಂಚಿನ ಸುತ್ತ ಬೀಜ, ಮತ್ತೆ ಹುಲ್ಲು ಹೀಗೆ 4–5 ಪದರ ತುಂಬಬೇಕು. ಒಂದು ಚೀಲಕ್ಕೆ ಸುಮಾರು 2 ಕೆ.ಜಿ. ಹಸಿ ಹುಲ್ಲು, 60ರಿಂದ 100 ಗ್ರಾಂ ಬೀಜ ಸಾಕು. ಗಟ್ಟಿಯಾಗಿ ಒತ್ತಿ ಬಾಯಿ ಕಟ್ಟಿ, ಸುತ್ತಲೂ 10–12 ಸಣ್ಣ ತೂತು ಮಾಡಬೇಕು.

5. ಕತ್ತಲೆಯ ಕೋಣೆಯಲ್ಲಿ 15ರಿಂದ 20 ದಿನ ಇಡಬೇಕು. ಉಷ್ಣತೆ 24ರಿಂದ 28 ಡಿಗ್ರಿ ಇದ್ದರೆ ಚೆನ್ನ. ನೀರು ಹಾಕುವ ಅಗತ್ಯವಿಲ್ಲ. ಈ ಅವಧಿಯಲ್ಲಿ ಹುಲ್ಲು ಪೂರ್ಣ ಬಿಳಿಯಾಗುತ್ತದೆ.

6. ನಂತರ ಚೀಲವನ್ನು ಅಲ್ಲಲ್ಲಿ ಸೀಳಿ, ಅಥವಾ ಪ್ಲಾಸ್ಟಿಕ್ ತೆಗೆದು, ಗಾಳಿ ಮತ್ತು ಮಂದ ಬೆಳಕು ಇರುವ ಜಾಗದಲ್ಲಿ ತೂಗುಹಾಕಬೇಕು. ದಿನಕ್ಕೆ ಎರಡು ಮೂರು ಬಾರಿ ನೀರು ಚಿಮುಕಿಸಬೇಕು. ನೇರ ಬಿಸಿಲು ತಾಗಬಾರದು. ಕಲ್ಲುಗುಂಡಿಯಂತಹ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ತೇವವಿರುವುದರಿಂದ ನೀರಿಗಿಂತ ಗಾಳಿಯಾಟಕ್ಕೆ ಹೆಚ್ಚು ಗಮನ ಬೇಕು.

7. 4–5 ದಿನದಲ್ಲಿ ಸೂಜಿತಲೆಯಂತಹ ಮೊಗ್ಗು ಮೂಡಿ, ಮತ್ತೆ ಎರಡು ಮೂರು ದಿನದಲ್ಲಿ ಕೊಯ್ಲಿಗೆ ಬರುತ್ತದೆ. ಅಂಚು ಮೇಲಕ್ಕೆ ಸುರುಳುವ ಮೊದಲೇ ಗೊಂಚಲನ್ನು ತಿರುಚಿ ಕೀಳಬೇಕು. ವಾರ ಹತ್ತು ದಿನದ ಅಂತರದಲ್ಲಿ ಮತ್ತೆ ಎರಡು ಬೆಳೆ ಸಿಗುತ್ತದೆ.

1 ಕೆ.ಜಿ. ಒಣ ಹುಲ್ಲಿಗೆ ಒಟ್ಟು 500ರಿಂದ 800 ಗ್ರಾಂ ತಾಜಾ ಅಣಬೆಯನ್ನು ನಿರೀಕ್ಷಿಸಬಹುದು. ಈ ಲೆಕ್ಕದಲ್ಲಿ ಮೇಲೆ ಹೇಳಿದ ಒಂದು ಚೀಲಕ್ಕೆ 350ರಿಂದ 550 ಗ್ರಾಂ. 10 ಚೀಲ ಇಟ್ಟ ಮನೆಗೆ ಎರಡು ತಿಂಗಳ ಅವಧಿಯಲ್ಲಿ 3.5ರಿಂದ 5.5 ಕೆ.ಜಿ. ಅಣಬೆ.

ಕಾಡಿನ ತಳಿಯನ್ನೇ ಬೆಳೆಯಬಹುದೇ?

ಕಾಡಿನಲ್ಲಿ ಸಿಕ್ಕ ಚಿಪ್ಪಣಬೆಯ ಒಳತಿರುಳಿನ ಚೂರಿನಿಂದ ಹೊಸ ಕವಕಜಾಲವನ್ನು ಪಡೆಯಬಹುದು. ಅಮೆರಿಕದ ಬಿ.ಎಂ. ಡಗ್ಗರ್ 1905ರಲ್ಲಿ ಗುಂಡಿ ಅಣಬೆಯ ಮೇಲೆ ತೋರಿಸಿದ ವಿಧಾನ ಇದು. ಪ್ರಯೋಗಾಲಯದಲ್ಲಿ ಇದು ಸುಲಭ, ಮನೆಯಲ್ಲಿ ಬೂಷ್ಟಿನ ಕಾಟ ಹೆಚ್ಚು. ಆಸಕ್ತರು ಸರಳ ಪ್ರಯೋಗವೊಂದನ್ನು ಮಾಡಬಹುದು. ಬಿಸಿನೀರಿನಲ್ಲಿ ನೆನೆಸಿ ಆರಿಸಿದ ರಟ್ಟಿನ ಪದರಗಳ ನಡುವೆ ಚಿಪ್ಪಣಬೆಯ ಕಾಂಡದ ಬುಡಗಳನ್ನಿಟ್ಟು, ಡಬ್ಬಿಯಲ್ಲಿ ತೇವ ಆರದಂತೆ ಕತ್ತಲಲ್ಲಿಟ್ಟರೆ ಒಂದೆರಡು ವಾರದಲ್ಲಿ ರಟ್ಟಿನ ಮೇಲೆ ಬಿಳಿ ಎಳೆಗಳು ಹರಡುತ್ತವೆ. ಆ ರಟ್ಟನ್ನೇ ಬೀಜವಾಗಿ ಹುಲ್ಲಿಗೆ ಸೇರಿಸಬಹುದು. ಆದರೆ ತಂದ ಅಣಬೆ ಚಿಪ್ಪಣಬೆಯೇ ಎಂಬುದು ನಿಸ್ಸಂಶಯವಾಗಿರಬೇಕು. ಬೆಳೆದು ಬಂದ ಅಣಬೆ ಕಾಡಿನದ್ದರಂತೆಯೇ ಇದೆಯೇ ಎಂಬುದನ್ನು ಮತ್ತೊಮ್ಮೆ ಪರಿಶೀಲಿಸದೆ ತಿನ್ನಬಾರದು.

ತೊಂದರೆಗಳು ಮತ್ತು ಎಚ್ಚರಿಕೆ

ಚೀಲದಲ್ಲಿ ಹಸಿರು ಬೂಷ್ಟು ಕಂಡರೆ ಅದು ಟ್ರೈಕೋಡರ್ಮಾ. ಅಂತಹ ಚೀಲವನ್ನು ತೆರೆಯದೆ ದೂರ ಸಾಗಿಸಬೇಕು. ತೆಳು ಕಾಂಡದ, ಬೇಗ ಶಾಯಿಯಂತೆ ಕರಗುವ ಅಣಬೆ ಎದ್ದರೆ ಹುಲ್ಲು ಸರಿಯಾಗಿ ಬಿಸಿಯಾಗಿಲ್ಲ ಎಂದರ್ಥ. ಅದನ್ನು ಕಿತ್ತೆಸೆಯಬೇಕು, ತಿನ್ನಬಾರದು. ಸಣ್ಣ ನೊಣಗಳ ಬಾಧೆ ತಡೆಯಲು ಕಿಟಕಿಗೆ ಸಣ್ಣ ಕಣ್ಣಿನ ಬಲೆ ಸಾಕು. ಟೊಪ್ಪಿಗೆ ಸಣ್ಣದಾಗಿ ಕಾಂಡ ಉದ್ದವಾದರೆ ಗಾಳಿ, ಬೆಳಕು ಸಾಲದು.

ಚಿಪ್ಪಣಬೆ ಬಲಿತಾಗ ಬಿಡುವ ಬೀಜಕದ ಪುಡಿ ಕೆಲವರಲ್ಲಿ ಕೆಮ್ಮು, ಜ್ವರ, ಉಬ್ಬಸವನ್ನು ಉಂಟುಮಾಡುತ್ತದೆ. ಆದ್ದರಿಂದ ಮಲಗುವ ಕೋಣೆಯಲ್ಲಿ ಬೆಳೆಯಬಾರದು. ಉಬ್ಬಸ ಇರುವವರು ಕೊಯ್ಲಿಗೆ ಹೋಗದಿರುವುದು ಒಳಿತು. ಬೆಳೆ ಮುಗಿದ ಹುಲ್ಲನ್ನು ಎರೆಗೊಬ್ಬರಕ್ಕೋ ತೋಟದ ಬುಡಕ್ಕೋ ಹಾಕಬಹುದು.

ಆದಾಯದ ದೃಷ್ಟಿಯಿಂದ ನೋಡುವವರು ಮೊದಲು ಮನೆಬಳಕೆಗೆ 10 ಚೀಲ ಬೆಳೆದು ಕೈ ಪಳಗಿಸಿಕೊಳ್ಳಬೇಕು. ತಾಜಾ ಚಿಪ್ಪಣಬೆ ಒಂದೆರಡು ದಿನದಲ್ಲಿ ಬಾಡುತ್ತದೆ. ಬೆಳೆಯುವುದಕ್ಕಿಂತ ಮಾರುವುದು ಕಷ್ಟ ಎಂಬುದು ಬೆಳೆಗಾರರ ಸಾಮಾನ್ಯ ಅನುಭವ. ಬೀಜ ಕೊಂಡರೆ ಬೆಳೆದದ್ದನ್ನೆಲ್ಲ ಮರಳಿ ಕೊಳ್ಳುತ್ತೇವೆ ಎಂಬ ಬಾಯಿಮಾತಿನ ಭರವಸೆಗೆ ದೊಡ್ಡ ಮೊತ್ತ ಹೂಡಬಾರದು. ಹಳದಿ ಎಲೆ ರೋಗದಿಂದ ಬರಿದಾದ ಅಡಿಕೆ ತೋಟದ ಆದಾಯವನ್ನು ಅಣಬೆಯ ಚೀಲಗಳು ತುಂಬಿಕೊಡುತ್ತವೆ ಎನ್ನಲಾಗದು. ಆದರೆ ತೋಟದ ತ್ಯಾಜ್ಯದಿಂದಲೇ ಮನೆಗೆ ಪೌಷ್ಟಿಕ ಆಹಾರವನ್ನೂ, ವಾರದ ಸಂತೆಗೆ ಒಂದಿಷ್ಟು ಸರಕನ್ನೂ ಒದಗಿಸಬಲ್ಲವು.

ಅಡುಗೆಮನೆಯಲ್ಲಿ

ಅಣಬೆಯಲ್ಲಿ ಸುಮಾರು 90 ಶೇಕಡ ನೀರು. ಒಣ ತೂಕದಲ್ಲಿ ಉತ್ತಮ ಪ್ರಮಾಣದ ಪ್ರೊಟೀನ್, ನಾರು, ಬಿ ಗುಂಪಿನ ಜೀವಸತ್ವಗಳಿವೆ. ಕೊಯ್ದ ಅಣಬೆಯನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಒಡ್ಡಿದರೆ ಡಿ ಜೀವಸತ್ವ ಉಂಟಾಗುತ್ತದೆ. ಹುತ್ತದ ಅಣಬೆಯ ಬುಡದ ಮಣ್ಣನ್ನು ಕೆರೆದು, ಅರಸಿನ ನೀರಿನಲ್ಲಿ ತೊಳೆದು, ತೆಂಗಿನಕಾಯಿ ಮಸಾಲೆಯಲ್ಲಿ ಗಸಿಯನ್ನೋ ಸುಕ್ಕವನ್ನೋ ಮಾಡುವುದು ಕರಾವಳಿಯ ರೂಢಿ. ಚಿಪ್ಪಣಬೆಗೂ ಇದೇ ಮಸಾಲೆ ಒಗ್ಗುತ್ತದೆ. ಯಾವುದೇ ಅಣಬೆಯನ್ನು ಹಸಿಯಾಗಿ ತಿನ್ನಬಾರದು, ಪೂರ್ತಿ ಬೇಯಿಸಬೇಕು.

ಚಿಪ್ಪಣಬೆಯ ರುಚಿ ಹುತ್ತದ ಅಣಬೆಯ ರುಚಿಗೆ ಸಮನಲ್ಲ ಎಂದು ಬಲ್ಲವರು ಹೇಳುವುದು ನಿಜವೇ. ಹುತ್ತದ ಅಣಬೆಯ ರುಚಿ ಬೇಕೆನ್ನುವವರು ಆಟಿಯ ಮಳೆಯನ್ನು ಕಾಯಬೇಕು, ಗುಡ್ಡದ ಹುತ್ತವನ್ನು ಉಳಿಸಿಕೊಳ್ಳಬೇಕು. ವರ್ಷದ ಉಳಿದ ದಿನಗಳಿಗೆ ಮನೆಯ ಹಿಂಬದಿಯಲ್ಲಿ ನಾಲ್ಕು ಚೀಲ ಹುಲ್ಲು ಸಾಕು.